ಬ್ಲ್ಯಾಕ್‌ಪೂಲ್: ಗಿರಣಿ ಊರುಗಳ ಕಡಲತಡಿ

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಐರಿಷ್ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಬ್ಲ್ಯಾಕ್‌ಪೂಲ್ ಊರಿಗೆ ಆ ಹೆಸರು ಬಂದದ್ದು ಒಂದು ಕಾಲುವೆಯಿಂದ. ಊರಿನ ಹಿಂದೆ ಹಿಂದೊಮ್ಮೆ ವಿಶಾಲವಾದ ಜೌಗು ನೆಲವಿತ್ತು. ಸಾವಿರಾರು ವರ್ಷಗಳ ಕಾಲ ನೀರಿನಲ್ಲಿ ನೆನೆದು ಅರೆಬರೆ ಕೊಳೆತ ಪಾಚಿ, ಹುಲ್ಲು, ಗಿಡಗಂಟಿಗಳು ಅಲ್ಲಿ ಪದರ ಪದರವಾಗಿ ಕೂತಿದ್ದವು. ಇಂಥ ನೆಲಕ್ಕೆ ಪೀಟ್ ಎನ್ನುತ್ತಾರೆ. ಅದರ ಮೂಲಕ ಹರಿದು ಬಂದ ನೀರು ಕಷಾಯದಂತೆ ಕಪ್ಪಾಗಿ ಕಡಲಿಗೆ ಸೇರುತ್ತಿತ್ತು. ಆ ಕಪ್ಪು ಮಡುವೇ ಬ್ಲ್ಯಾಕ್‌ಪೂಲ್. 1801ರ ಜನಗಣತಿಯಲ್ಲಿ ಇಲ್ಲಿದ್ದವರು ಕೇವಲ 473 ಮಂದಿ. ನೂರು ವರ್ಷ ಕಳೆಯುವಷ್ಟರಲ್ಲಿ ಅದು ಸುಮಾರು 47 ಸಾವಿರಕ್ಕೆ ಏರಿತ್ತು. 2021ರ ಜನಗಣತಿಯ ಪ್ರಕಾರ ಒಂದು ಲಕ್ಷ 41 ಸಾವಿರ.

ಊರುಗಳು ಬೆಳೆಯುವುದಕ್ಕೆ ಏನಾದರೊಂದು ಕಾರಣವಿರುತ್ತದೆ. ಬಂದರೋ, ಗಣಿಯೋ, ನದಿ ದಾಟುವ ಸೇತುವೆಯೋ, ರಾಜಧಾನಿಯೋ. ಬ್ಲ್ಯಾಕ್‌ಪೂಲಿನಲ್ಲಿ ಇವು ಯಾವುವೂ ಇರಲಿಲ್ಲ. ಅಲ್ಲಿದ್ದದ್ದು ಉದ್ದನೆಯ ಮರಳ ದಂಡೆ, ಬಿರುಸಾದ ಪಡುವಣ ಗಾಳಿ, ಮತ್ತು ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಹೊಗೆ ಕಾರುತ್ತಿದ್ದ ನೂರಾರು ಹತ್ತಿ ಗಿರಣಿಗಳು. ಇನ್ನೊಬ್ಬರ ರಜೆಯನ್ನೇ ನಂಬಿ ಬೆಳೆದ ಊರು ಇದು. ಆ ರಜೆ ಬೇರೆ ಕಡೆಗೆ ತಿರುಗಿದಾಗ ಊರಿನ ಗತಿ ಏನಾಯಿತೆಂಬುದು ಅದರ ಚರಿತ್ರೆಯ ಇನ್ನೊಂದು ಅರ್ಧ. ವಿಜ್ಞಾನ ಓದುವ ಮಕ್ಕಳಿಗಂತೂ ಈ ಊರು ಒಂದು ತೆರೆದ ಪ್ರಯೋಗಶಾಲೆ.

ಮೊದಲು ಬಂದವರು ರೋಗಿಗಳು. ರಿಚರ್ಡ್ ರಸಲ್ ಎಂಬ ಇಂಗ್ಲಿಷ್ ವೈದ್ಯರು 1750ರಲ್ಲಿ ಸಮುದ್ರದ ನೀರಿನ ಚಿಕಿತ್ಸೆಯ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಗಂಟಲ ಗ್ರಂಥಿ ಊದಿಕೊಂಡವರು ಕಡಲಿನಲ್ಲಿ ಮುಳುಗಿ ಏಳಬೇಕು, ಸಾಲದೆಂಬಂತೆ ಆ ನೀರನ್ನು ಕುಡಿಯಲೂ ಬೇಕು ಎಂಬುದು ಅವರ ಸಲಹೆ. ಉಳ್ಳವರೆಲ್ಲ ಕಡಲ ತೀರಕ್ಕೆ ಹೊರಟರು. ಕುಡಿದದ್ದರಿಂದ ಏನಾಗುತ್ತಿತ್ತೆಂದು ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಬಲ್ಲ. ಕಡಲ ನೀರಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ಪಾಲು ಉಪ್ಪು. ನಮ್ಮ ರಕ್ತದಲ್ಲಿ ಇರುವುದಕ್ಕಿಂತ ಇದು ಬಹಳ ಹೆಚ್ಚು. ಪರಾಸರಣದ ನಿಯಮದಂತೆ ಕರುಳಿನ ಗೋಡೆಯಿಂದ ನೀರು ಹೊರಬಂದು ಭೇದಿಯಾಗುತ್ತದೆ. ಒಳಸೇರಿದ ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳು ಇನ್ನಷ್ಟು ನೀರನ್ನು ಖರ್ಚು ಮಾಡುತ್ತವೆ. ರೋಗಿಗೆ ಗುಣವಾಗಿದ್ದರೆ ಅದು ಊರಿನ ಹೊಗೆಯಿಂದ ದೂರವಿದ್ದು, ನಡೆದಾಡಿ, ಹೊತ್ತಿಗೆ ಸರಿಯಾಗಿ ಉಂಡು ಮಲಗಿದ್ದರಿಂದ ಎಂದು ಧಾರಾಳವಾಗಿ ಹೇಳಬಹುದು. ಏನೇ ಆಗಲಿ, ಕಡಲೆಂದರೆ ಆರೋಗ್ಯ ಎಂಬ ನಂಬಿಕೆ ಬೇರೂರಿತು.

ಬ್ಲ್ಯಾಕ್‌ಪೂಲನ್ನು ಉಳ್ಳವರ ಕೈಯಿಂದ ದುಡಿಯುವವರ ಕೈಗೆ ದಾಟಿಸಿದ್ದು ರೈಲು. 1840ರಲ್ಲಿ ಪಕ್ಕದ ಫ್ಲೀಟ್‌ವುಡ್‌ಗೆ ರೈಲು ಬಂತು. 1846ರಲ್ಲಿ ಆ ಹಾದಿಯ ಒಂದು ಕವಲು ಬ್ಲ್ಯಾಕ್‌ಪೂಲಿಗೇ ಬಂತು. ಓಲ್ಡಮ್, ಬೋಲ್ಟನ್, ಬರ್ನ್‌ಲಿ, ಬ್ಲ್ಯಾಕ್‌ಬರ್ನ್ ಮುಂತಾದ ಲ್ಯಾಂಕಶೈರ್ ಸೀಮೆಯ ಗಿರಣಿ ಊರುಗಳಲ್ಲಿ 'ವೇಕ್ಸ್ ವಾರ' ಎಂಬ ಪದ್ಧತಿಯಿತ್ತು. ಮೂಲದಲ್ಲಿ ಅದು ಆಯಾ ಊರಿನ ಚರ್ಚಿನ ಹಬ್ಬ, ಒಂದು ಬಗೆಯ ಊರ ಜಾತ್ರೆಯೆನ್ನಿ. ಜನ ಹೇಗೂ ಅಂದು ಕೆಲಸಕ್ಕೆ ಬರುತ್ತಿರಲಿಲ್ಲ. ಗಿರಣಿ ಮಾಲೀಕರು ಇದಕ್ಕೊಂದು ಉಪಾಯ ಕಂಡುಕೊಂಡರು. ಆ ವಾರ ಇಡೀ ಊರಿನ ಗಿರಣಿಗಳನ್ನು ಮುಚ್ಚಿ, ಬಾಯ್ಲರುಗಳ ಬೆಂಕಿ ಆರಿಸಿ, ಯಂತ್ರಗಳ ರಿಪೇರಿ ಮಾಡಿಸುವುದು. ಆ ವಾರಕ್ಕೆ ಸಂಬಳವಿಲ್ಲ. ಕಾರ್ಮಿಕರು ವರ್ಷವಿಡೀ ವಾರಕ್ಕಿಷ್ಟು ಎಂದು ಚೀಟಿ ಹಣದಂತೆ ಕೂಡಿಡುತ್ತಿದ್ದರು. ಗಿರಣಿ ಮುಚ್ಚಿದ ದಿನವೇ ಹೆಂಡತಿ ಮಕ್ಕಳೊಂದಿಗೆ ರೈಲು ಹತ್ತಿ ಬ್ಲ್ಯಾಕ್‌ಪೂಲಿನಲ್ಲಿ ಇಳಿಯುತ್ತಿದ್ದರು.

ಒಂದೊಂದು ಊರಿಗೆ ಒಂದೊಂದು ವಾರ. ಈ ವಾರ ಓಲ್ಡಮ್ ಖಾಲಿಯಾದರೆ ಮುಂದಿನ ವಾರ ಬರ್ನ್‌ಲಿ. ಹೀಗಾಗಿ ಬೇಸಿಗೆಯುದ್ದಕ್ಕೂ ಬ್ಲ್ಯಾಕ್‌ಪೂಲಿಗೆ ಗಿರಾಕಿಗಳ ಕೊರತೆಯಿರಲಿಲ್ಲ. ಊರಿನಲ್ಲಿ ಅಕ್ಕಪಕ್ಕದ ಮನೆಯಲ್ಲಿದ್ದವರು ಕಡಲ ತೀರದಲ್ಲೂ ಅಕ್ಕಪಕ್ಕದ ಕೋಣೆಯಲ್ಲೇ ಇರುತ್ತಿದ್ದರು. ಅವರಿಗೆ ಕೋಣೆ ಕೊಡುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಮನೆಮಂದಿಯೆಲ್ಲ ಅಡುಗೆ ಮನೆಗೆ ಸರಿದು, ಉಳಿದ ಕೋಣೆಗಳಲ್ಲಿ ಹಿಡಿಸಿದಷ್ಟು ಜನರನ್ನು ಇಟ್ಟುಕೊಳ್ಳುತ್ತಿದ್ದರು. ಬಂದವರು ಮಾಂಸ, ತರಕಾರಿ ತಾವೇ ತಂದುಕೊಟ್ಟರೆ ಮನೆಯಾಕೆ ಬೇಯಿಸಿಕೊಡುವುದು. ಮೇಜಿನ ಮೇಲಿನ ಉಪ್ಪು, ಮೆಣಸಿನ ಪುಡಿಗೂ ಪ್ರತ್ಯೇಕ ದರ ಹಾಕುತ್ತಿದ್ದ ಮನೆಗಳಿದ್ದವು! ಇಂಗ್ಲಿಷರ ಹಾಸ್ಯದಲ್ಲಿ ಈ ಮನೆಯಾಕೆಯರಿಗೆ ಮೀಸಲು ಜಾಗವಿದೆ. ಆದರೆ ಇಡೀ ಊರನ್ನು ಹೊತ್ತು ನಿಂತವರು ಅವರೇ. ಅವರ ದುಡಿಮೆ ನಾಲ್ಕು ತಿಂಗಳು, ಊಟ ಹನ್ನೆರಡು ತಿಂಗಳು.

1914ರ ಹೊತ್ತಿಗೆ ವರ್ಷಕ್ಕೆ ಸುಮಾರು 40 ಲಕ್ಷ ಮಂದಿ ಬರುತ್ತಿದ್ದರೆಂದು ಚರಿತ್ರೆಕಾರರ ಅಂದಾಜು. ಆ ಜನರ ಕಿಸೆಯ ಕಾಸಿನಲ್ಲಿ ಭಾರತದ ಪಾಲೂ ಇತ್ತು. 1913ರಲ್ಲಿ ಬ್ರಿಟನ್ ಹೊರದೇಶಗಳಿಗೆ ಕಳಿಸಿದ ಹತ್ತಿ ಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಸುಮಾರು 300 ಕೋಟಿ ಗಜ ಬಂದದ್ದು ಭಾರತಕ್ಕೆ. ನಮ್ಮ ನೇಕಾರರ ಮಗ್ಗ ನಿಂತದ್ದು ಯಾವ ಬಟ್ಟೆಯಿಂದಲೋ, ಆ ಬಟ್ಟೆ ನೇಯ್ದವರೇ ಬ್ಲ್ಯಾಕ್‌ಪೂಲಿನ ಮರಳಿನಲ್ಲಿ ವಾರದ ಬಿಡುವು ಕಳೆಯುತ್ತಿದ್ದರು. ಮುಂದೆ ಮುಂಬಯಿ, ಅಹಮದಾಬಾದಿನ ಗಿರಣಿಗಳು ಬೆಳೆದವು, ಜಪಾನ್ ಪೈಪೋಟಿಗೆ ಇಳಿಯಿತು, ಸ್ವದೇಶಿ ಚಳವಳಿ ವಿದೇಶಿ ಬಟ್ಟೆಯನ್ನು ಬಹಿಷ್ಕರಿಸಿತು. 1931ರ ಸೆಪ್ಟೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ ಲ್ಯಾಂಕಶೈರಿನ ಡಾರ್ವೆನ್‌ಗೆ ಹೋಗಿ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರನ್ನು ಕಂಡರು. ಗಿರಣಿ ಹೆಂಗಸರ ನಡುವೆ ಅವರು ನಿಂತಿರುವ ಫೋಟೋ ಜಗತ್ಪ್ರಸಿದ್ಧ.

ಮತ್ತೆ ಕಡಲ ತೀರಕ್ಕೆ ಬರೋಣ. ಐರಿಷ್ ಸಮುದ್ರದ ಉಬ್ಬರ ಇಳಿತ ಬಹಳ ದೊಡ್ಡದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಬ್ಲ್ಯಾಕ್‌ಪೂಲಿನ ಬಳಿ ನೀರು ಸುಮಾರು 8 ಮೀಟರಿನಷ್ಟು ಏರಿ ಇಳಿಯುತ್ತದೆ. ದಂಡೆ ಇಳಿಜಾರಿಲ್ಲದೆ ಚಪ್ಪಟೆಯಾಗಿರುವುದರಿಂದ ಇಳಿತದಲ್ಲಿ ಕಡಲು ಎಲ್ಲೋ ದೂರಕ್ಕೆ ಹೋಗಿಬಿಡುತ್ತದೆ. ಕಡಲು ನೋಡಲು ಬಂದವನಿಗೆ ಕಾಣುವುದು ಬರೀ ಮರಳು! ಇದಕ್ಕೆ ಪರಿಹಾರವಾಗಿ ಬಂದದ್ದು ಪಿಯರ್. ಕಬ್ಬಿಣದ ಕಂಬಗಳ ಮೇಲೆ ಹಲಗೆ ಹಾಸಿ ಕಡಲಿನೊಳಕ್ಕೆ ಚಾಚಿದ ಅಟ್ಟ. 1863ರಲ್ಲಿ ತೆರೆದ ಉತ್ತರ ಪಿಯರ್ ಯುಜೀನಿಯಸ್ ಬರ್ಚ್ ಎಂಬ ಎಂಜಿನಿಯರರ ಕೃತಿ. ಮರಳಿನಲ್ಲಿ ಅಡಿಪಾಯ ತೋಡುವುದು ಕಷ್ಟ, ತೋಡಿದಷ್ಟೂ ಕುಸಿಯುತ್ತದೆ. ಅದಕ್ಕಾಗಿ ಕಂಬಗಳ ತುದಿಗೆ ಅಗಲವಾದ ಸುರುಳಿ ಅಲಗನ್ನು ಜೋಡಿಸಿ, ಮರಕ್ಕೆ ಸ್ಕ್ರೂ ತಿರುಗಿಸಿದಂತೆ ಮರಳಿಗೆ ತಿರುಗಿಸಿ ಇಳಿಸಿದರು. ಈ ಸ್ಕ್ರೂ ಕಂಬವನ್ನು 1830ರ ದಶಕದಲ್ಲಿ ಕಂಡುಹಿಡಿದ ಅಲೆಗ್ಸಾಂಡರ್ ಮಿಚೆಲ್ ಐರ್ಲೆಂಡಿನವರು. ಯೌವನದಲ್ಲೇ ದೃಷ್ಟಿ ಕಳೆದುಕೊಂಡ ಅವರು ಕೈಯ ಸ್ಪರ್ಶದಿಂದಲೇ ಕೆಲಸದ ಗುಣ ಅಳೆಯುತ್ತಿದ್ದರು.

ಉತ್ತರ ಪಿಯರ್‌ಗೆ ಪ್ರವೇಶ ಶುಲ್ಕವಿತ್ತು. ಕಾಸು ಕೊಟ್ಟು ಒಳಹೋದವರು ಮೆಲ್ಲನೆ ಅಡ್ಡಾಡಿ ಗಂಭೀರ ಸಂಗೀತ ಕೇಳಬೇಕು. 1868ರಲ್ಲಿ ತೆರೆದ ಇನ್ನೊಂದು ಪಿಯರ್‌ನಲ್ಲಿ ಕುಣಿತ, ಕೇಕೆ, ಗದ್ದಲ. ಗಿರಣಿ ಜನ ಯಾವುದಕ್ಕೆ ಹೋದರೆಂದು ಹೇಳಬೇಕಾಗಿಲ್ಲ. 1893ರಲ್ಲಿ ಮೂರನೆಯದೂ ಆಯಿತು. ಮೂರೂ ಇಂದಿಗೂ ನಿಂತಿವೆ.

ಕತ್ತಲಾದ ಮೇಲೆ ಜನರನ್ನು ಹಿಡಿದಿಡುವುದು ಹೇಗೆ? 1879ರ ಸೆಪ್ಟೆಂಬರಿನಲ್ಲಿ ಪುರಸಭೆ ಕಡಲ ದಂಡೆಯ ರಸ್ತೆಯಲ್ಲಿ ಎಂಟು ಆರ್ಕ್ ದೀಪಗಳನ್ನು ನೆಟ್ಟು ಉರಿಸಿತು. ಎರಡು ಇದ್ದಿಲ ಕಡ್ಡಿಗಳ ತುದಿಗಳನ್ನು ತುಸುವೇ ಅಂತರದಲ್ಲಿಟ್ಟು ವಿದ್ಯುತ್ ಹರಿಸಿದರೆ ನಡುವಿನ ಗಾಳಿ ಕಾದು, ವಿದ್ಯುತ್ತು ಅದರ ಮೂಲಕ ಜಿಗಿದು, ಕಣ್ಣು ಕೋರೈಸುವ ಬೆಳಕು ಹೊಮ್ಮುತ್ತದೆ. ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋದ ಎಲ್ಲರಿಗೂ ಆ ಬೆಳಕು ಗೊತ್ತು. ಹಬೆ ಯಂತ್ರದಿಂದ ಡೈನಮೊ ತಿರುಗಿಸಿ ವಿದ್ಯುತ್ ಪಡೆದಿದ್ದರು. ಸೀಮೆಎಣ್ಣೆ, ಗ್ಯಾಸ್ ದೀಪದ ಮಿಣುಕು ಬೆಳಕಷ್ಟೇ ಕಂಡಿದ್ದ ಜನ ಇದನ್ನು ನೋಡಲು ಸುಮಾರು ಒಂದು ಲಕ್ಷ ಸಂಖ್ಯೆಯಲ್ಲಿ ಬಂದರಂತೆ. ಅಮೆರಿಕದಲ್ಲಿ ಎಡಿಸನ್ ತಮ್ಮ ಬಲ್ಬನ್ನು ಸಾರ್ವಜನಿಕರಿಗೆ ತೋರಿಸಿದ್ದು ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಎಂಬುದನ್ನು ನೆನೆದರೆ ಈ ಊರಿನ ಧೈರ್ಯ ತಿಳಿಯುತ್ತದೆ. ಅದೇ ವರ್ಷ ಬ್ಲ್ಯಾಕ್‌ಪೂಲ್ ಸಂಸತ್ತಿನಿಂದ ಇನ್ನೊಂದು ಅಧಿಕಾರವನ್ನೂ ಗಿಟ್ಟಿಸಿಕೊಂಡಿತು. ತೆರಿಗೆಯ ಒಂದು ಪಾಲನ್ನು ಊರಿನ ಜಾಹೀರಾತಿಗೇ ಖರ್ಚು ಮಾಡುವ ಅಧಿಕಾರ. ಮನರಂಜನೆಯ ವ್ಯಾಪಾರವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಪುರಸಭೆ ಅಪರೂಪ.

1885ರಲ್ಲಿ ವಿದ್ಯುತ್ ಟ್ರಾಮ್ ಬಂತು. ಬ್ರಿಟನ್ನಿನ ಬೀದಿಯಲ್ಲಿ ಓಡಿದ ಮೊದಲ ವಿದ್ಯುತ್ ಟ್ರಾಮ್ ದಾರಿ ಇದೇ. ಎಂಜಿನಿಯರ್ ಹಾಲ್‌ರಾಯ್ಡ್ ಸ್ಮಿತ್ ತಲೆಯ ಮೇಲೆ ತಂತಿ ಎಳೆಯುವ ಬದಲು ಹಳಿಗಳ ನಡುವೆ ನೆಲದಲ್ಲೊಂದು ಸೀಳು ಕಾಲುವೆ ಮಾಡಿ ಅದರೊಳಗಿಂದ ವಿದ್ಯುತ್ ಕೊಟ್ಟರು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಇದು ಕಡಲ ತೀರ. ಗಾಳಿಗೆ ಹಾರಿದ ಮರಳು ಸೀಳಿನಲ್ಲಿ ತುಂಬಿತು. ಬಿರುಗಾಳಿಯ ದಿನ ಅಲೆ ರಸ್ತೆಗೆ ಅಪ್ಪಳಿಸಿ ಉಪ್ಪುನೀರು ಒಳನುಗ್ಗಿತು. ಶುದ್ಧ ನೀರು ವಿದ್ಯುತ್ತಿಗೆ ಅಷ್ಟಾಗಿ ದಾರಿ ಕೊಡುವುದಿಲ್ಲ, ಉಪ್ಪುನೀರು ಚೆನ್ನಾಗಿಯೇ ಕೊಡುತ್ತದೆ. ಮೋಟಾರಿಗೆ ಹೋಗಬೇಕಾದ ವಿದ್ಯುತ್ತು ನೆಲಕ್ಕೆ ಸೋರಿಹೋಗುತ್ತಿತ್ತು. 1899ರಲ್ಲಿ ಸೀಳು ಮುಚ್ಚಿ ಮೇಲೆ ತಂತಿ ಎಳೆದರು. ಆದರೂ ಟ್ರಾಮನ್ನು ಬಿಡಲಿಲ್ಲ. 1962ರಲ್ಲಿ ಗ್ಲಾಸ್ಗೋ ನಗರವೂ ತನ್ನ ಟ್ರಾಮನ್ನು ನಿಲ್ಲಿಸಿದ ಮೇಲೆ, 1992ರಲ್ಲಿ ಮ್ಯಾಂಚೆಸ್ಟರ್ ಹೊಸ ಟ್ರಾಮ್ ಓಡಿಸುವ ತನಕ, ಇಂಗ್ಲೆಂಡಿನ ಬೀದಿಗಳಲ್ಲಿ ಟ್ರಾಮ್ ಎಂದರೆ ಬ್ಲ್ಯಾಕ್‌ಪೂಲ್ ಎಂದೇ ಆಗಿತ್ತು.

ಇನ್ನು ಗೋಪುರ. 1889ರಲ್ಲಿ ಪ್ಯಾರಿಸ್‌ನಲ್ಲಿ ಎದ್ದುನಿಂತ ಐಫೆಲ್ ಗೋಪುರವನ್ನು ನೋಡಿ ಬಂದ ಜಾನ್ ಬಿಕರ್‌ಸ್ಟಾಫ್ ಎಂಬ ಪುರಪ್ರಮುಖರಿಗೆ ತಮ್ಮೂರಿಗೂ ಅಂಥದೊಂದು ಬೇಕೆನಿಸಿತು. 1891ರಲ್ಲಿ ಆರಂಭವಾದ ಕೆಲಸ ಮುಗಿದು 1894ರ ಮೇ ತಿಂಗಳಲ್ಲಿ ಗೋಪುರ ತೆರೆಯಿತು. ಎತ್ತರ 518 ಅಡಿ, ಅಂದರೆ 158 ಮೀಟರ್. ಐಫೆಲ್ಲಿನ ಸುಮಾರು ಅರ್ಧದಷ್ಟು. ಸುಮಾರು ಎರಡೂವರೆ ಸಾವಿರ ಟನ್ ಉಕ್ಕು ಹಿಡಿಸಿತು. ಬುಡದ ಕಟ್ಟಡಕ್ಕೆ 50 ಲಕ್ಷ ಇಟ್ಟಿಗೆ. ಐಫೆಲ್ ಬರಿಯ ಗೋಪುರ, ಇಲ್ಲಿ ನಾಲ್ಕು ಕಾಲುಗಳ ನಡುವೆ ಒಂದು ಸರ್ಕಸ್ಸೇ ಇದೆ. ಆಟದ ಕೊನೆಯಲ್ಲಿ ಸರ್ಕಸ್ಸಿನ ನೆಲ ಕೆಳಗಿಳಿದು ಕೊಳವಾಗಿ ನೀರು ತುಂಬಿಕೊಳ್ಳುತ್ತದೆ. 1990ರ ನಂತರ ಅಲ್ಲಿ ಪ್ರಾಣಿಗಳ ಆಟವಿಲ್ಲ. ಮೇಲಂತಸ್ತಿನಲ್ಲಿ ಅರಮನೆಯ ದರ್ಬಾರು ಹಾಲಿನಂಥ ಕುಣಿತದ ಸಭಾಂಗಣ. ಅರ್ಧ ಶಿಲಿಂಗ್ ಕೊಟ್ಟ ಗಿರಣಿ ಹುಡುಗಿ ಆ ಚಿನ್ನದ ಬಣ್ಣದ ಚಾವಣಿಯ ಕೆಳಗೆ ಕುಣಿಯಬಹುದಿತ್ತು.

ಕಟ್ಟಿದವರು ಒಂದು ವಿಷಯದಲ್ಲಿ ಮಾತ್ರ ಅಲಕ್ಷ್ಯ ಮಾಡಿದರು. ಮೊದಲ ಮೂವತ್ತು ವರ್ಷ ಗೋಪುರಕ್ಕೆ ಸರಿಯಾಗಿ ಬಣ್ಣ ಬಳಿಯಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕ ಮತ್ತು ನೀರು ಎರಡೂ ಬೇಕು. ಕಬ್ಬಿಣದ ಒಂದು ಕಡೆಯಿಂದ ಎಲೆಕ್ಟ್ರಾನುಗಳು ಹೊರಟು ಇನ್ನೊಂದು ಕಡೆ ಆಮ್ಲಜನಕವನ್ನು ಸೇರುತ್ತವೆ. ಪುಟ್ಟ ಬ್ಯಾಟರಿ ಕೆಲಸ ಮಾಡಿದಂತೆಯೇ. ನೀರಿನಲ್ಲಿ ಉಪ್ಪಿದ್ದರೆ ಈ ವ್ಯವಹಾರ ಸರಾಗ. ಅಲ್ಯೂಮಿನಿಯಮ್ ಮೇಲೆ ಕೂರುವ ಆಕ್ಸೈಡ್ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕು ಹಾಗಲ್ಲ, ಉಬ್ಬಿ ಹೊಪ್ಪಳೆಯಾಗಿ ಉದುರಿ ಮತ್ತೆ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಮೂರು ಮೊಳೆಗಳನ್ನು ತೆಗೆದುಕೊಂಡು ಒಂದನ್ನು ಸಿಹಿನೀರಿನಲ್ಲಿ, ಒಂದನ್ನು ಉಪ್ಪುನೀರಿನಲ್ಲಿ, ಇನ್ನೊಂದನ್ನು ಕುದಿಸಿ ಆರಿಸಿ ಮೇಲೆ ಎಣ್ಣೆ ಸುರಿದ ನೀರಿನಲ್ಲಿ ಒಂದು ವಾರ ಇಟ್ಟು ನೋಡಿ. ಬ್ಲ್ಯಾಕ್‌ಪೂಲ್ ಗೋಪುರದ ಕಷ್ಟ ತಾನಾಗಿಯೇ ಅರ್ಥವಾಗುತ್ತದೆ. ಒಂದು ಹಂತದಲ್ಲಿ ಗೋಪುರವನ್ನು ಕೆಡವುವ ಮಾತೂ ಬಂದಿತ್ತು. ಕೊನೆಗೆ 1921ರಿಂದ 1924ರವರೆಗೆ ಉಕ್ಕಿನ ಭಾಗಗಳನ್ನು ಬದಲಿಸಿ ಉಳಿಸಿಕೊಂಡರು. ಈಗ ಬಣ್ಣ ಬಳಿಯುವವರಿಗೆ ಅಲ್ಲಿ ಬಿಡುವೇ ಇಲ್ಲ.

ಊರಿನ ದಕ್ಷಿಣ ತುದಿಯಲ್ಲಿ 1896ರಲ್ಲಿ ಹುಟ್ಟಿದ ಪ್ಲೆಷರ್ ಬೀಚ್ ಎಂಬ ಆಟದ ಮೈದಾನವಿದೆ. ಮೆಷಿನ್‌ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ 1904ರಲ್ಲಿ ಅಲ್ಲಿ ನಿಲ್ಲಿಸಿದ 'ಕಟ್ಟಿಹಾಕಿದ ಹಾರುವ ಯಂತ್ರ' ಇಂದಿಗೂ ತಿರುಗುತ್ತಿದೆ. ಎತ್ತರದ ಕಂಬದಿಂದ ತೊಟ್ಟಿಲುಗಳನ್ನು ತೂಗುಬಿಟ್ಟು ಕಂಬ ತಿರುಗಿಸಿದರೆ ಅವು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿಕೊಳ್ಳುತ್ತವೆ. ವಿಮಾನ ಸಂಶೋಧನೆಗೆ ಹಣ ಕೂಡಿಸಲು ಮ್ಯಾಕ್ಸಿಮ್ ಮಾಡಿದ ಏರ್ಪಾಟು ಇದು. 1994ರಲ್ಲಿ ಅಲ್ಲಿಯೇ 'ಬಿಗ್ ಒನ್' ಎಂಬ ರೋಲರ್ ಕೋಸ್ಟರ್ ಬಂದಾಗ ಜಗತ್ತಿನಲ್ಲೇ ಎತ್ತರದ್ದೆನಿಸಿತ್ತು. ಅದರ ಮೊದಲ ಇಳಿತ ಸುಮಾರು 62 ಮೀಟರ್. ಇಲ್ಲಿ ಎಂಜಿನ್ ಇಲ್ಲ, ಮೇಲಕ್ಕೆ ಎಳೆದು ಬಿಟ್ಟ ಮೇಲೆ ಗುರುತ್ವವೇ ಚಾಲಕ. ಎತ್ತರವನ್ನು 9.8ರಿಂದಲೂ 2ರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 35 ಮೀಟರ್, ಗಂಟೆಗೆ 125 ಕಿಲೋಮೀಟರ್ ಬರುತ್ತದೆ. ನಿಜವಾದ ವೇಗ 119. ಉಳಿದದ್ದನ್ನು ಗಾಳಿಯೂ ಹಳಿಯ ಘರ್ಷಣೆಯೂ ಕಸಿದುಕೊಳ್ಳುತ್ತವೆ. ಪರೀಕ್ಷೆಯ ಪ್ರಶ್ನೆಗಳಲ್ಲಿ 'ಘರ್ಷಣೆಯನ್ನು ಗಣಿಸಬೇಡಿ' ಎಂದು ಬರೆಯುವುದು ಸುಲಭ!

ಊರಿಗೆ ಹೋದವರು ಮನೆಗೆ ತರುತ್ತಿದ್ದದ್ದು ಒಂದು ಮಿಠಾಯಿ. ಕೋಲಿನಂಥ ಗಟ್ಟಿ ಪೆಪ್ಪರ್‌ಮಿಂಟು. ಅಡ್ಡಲಾಗಿ ಎಲ್ಲಿ ಮುರಿದರೂ 'ಬ್ಲ್ಯಾಕ್‌ಪೂಲ್ ರಾಕ್' ಎಂಬ ಅಕ್ಷರಗಳು ಕಾಣುತ್ತವೆ. ಚೀಪಿ ಮುಗಿಸುವ ತನಕ ಅಕ್ಷರ ಮಾಯವಾಗುವುದಿಲ್ಲ. ಇಷ್ಟು ಸಣ್ಣ ಅಕ್ಷರ ಬರೆಯುವ ಕೈ ಯಾವುದು ಎಂದು ಮಕ್ಕಳು ಬೆರಗಾಗುವುದು ಸಹಜ. ಯಾರೂ ಸಣ್ಣದಾಗಿ ಬರೆಯುವುದಿಲ್ಲ, ಗುಟ್ಟು ಇರುವುದೇ ಅಲ್ಲಿ. ಸಕ್ಕರೆ ಮತ್ತು ಗ್ಲೂಕೋಸ್ ಪಾಕವನ್ನು ಸುಮಾರು 145 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಗ್ಲೂಕೋಸ್ ಇರುವುದರಿಂದ ಅದು ಆರುವಾಗ ಕಲ್ಲುಸಕ್ಕರೆಯಂತೆ ಹರಳಾಗದೆ ಗಾಜಿನಂತೆ ಉಳಿಯುತ್ತದೆ. ಒಂದು ಪಾಲನ್ನು ಯಂತ್ರಕ್ಕೆ ಹಾಕಿ ಮತ್ತೆ ಮತ್ತೆ ಎಳೆದು ಮಡಿಸಿದರೆ ಗಾಳಿಯ ಸಣ್ಣ ಗುಳ್ಳೆಗಳು ಸೇರಿ, ಅವು ಬೆಳಕನ್ನು ಚದುರಿಸಿ, ಬಣ್ಣ ಹಾಕದೆಯೇ ಪಾಕ ಬೆಳ್ಳಗಾಗುತ್ತದೆ. ಇನ್ನೊಂದು ಪಾಲಿಗೆ ಕೆಂಪು ಬಣ್ಣ. ಕೆಂಪು ಪಟ್ಟಿ, ಬಿಳಿ ಪಟ್ಟಿ ಜೋಡಿಸಿ ಒಂದೊಂದು ಅಕ್ಷರವನ್ನೂ ತೊಲೆಯಷ್ಟು ದಪ್ಪಕ್ಕೆ ಕಟ್ಟುತ್ತಾರೆ. ಇಂಗ್ಲಿಷಿನ ಬಿ, ಪಿ, ಆರ್‌ನಂಥ ಚೌಕಾಕಾರದ ಅಕ್ಷರಗಳು ಮೊದಲು. ಪಾಕ ಇನ್ನೂ ಮೆತ್ತಗಿರುವಾಗ ಅವು ಆಕಾರ ಕೆಡಿಸಿಕೊಳ್ಳುವುದಿಲ್ಲ. ದುಂಡಗಿನ ಓ, ಸಿ ಕೊನೆಗೆ. ಎಲ್ಲವನ್ನೂ ಬಿಳಿ ತಿರುಳಿನ ಸುತ್ತ ನಿಲ್ಲಿಸಿ, ಮೇಲೆ ಬಣ್ಣದ ಸಿಪ್ಪೆ ಹೊದಿಸಿದರೆ ಮಗುವಿನ ತೂಕಕ್ಕೂ ಮೀರಿದ ಒಂದು ದಿಂಡು. ಅದನ್ನು ಉರುಳಿಸುತ್ತ ಎಳೆಯುತ್ತ ಹೋದರೆ ಬೆರಳ ದಪ್ಪಕ್ಕೆ ಇಳಿಯುತ್ತದೆ. ಒಳಗಿನ ಅಕ್ಷರಗಳೂ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಇಂದು ಟೆಲಿಫೋನ್ ಮಾತನ್ನು ಬೆಳಕಾಗಿ ಒಯ್ಯುವ ಗಾಜಿನ ಎಳೆಗಳನ್ನು ತಯಾರಿಸುವುದೂ ಇದೇ ಉಪಾಯದಿಂದ. ಒಳಗೊಂದು ಹೊರಗೊಂದು ಬಗೆಯ ಗಾಜಿನ ದಪ್ಪ ಸಲಾಕೆ ಮಾಡಿಕೊಂಡು, ಕಾಯಿಸಿ, ಕೂದಲಿನಷ್ಟು ತೆಳ್ಳಗೆ ಎಳೆಯುತ್ತಾರೆ. ಮಿಠಾಯಿಯವನ ಕೈಚಳಕವನ್ನು ಹಗುರವಾಗಿ ಕಾಣಬಾರದು.

1930ರ ದಶಕದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಬರುತ್ತಿದ್ದರು. 1938ರ ಕಾನೂನು ಸಂಬಳ ಸಹಿತ ರಜೆಗೆ ದಾರಿ ತೆರೆಯಿತು. ಬೇಸಿಗೆ ಮುಗಿದರೂ ಜನ ಬರಲೆಂದು 1912ರಲ್ಲಿ ಆರಂಭಿಸಿದ್ದ ದೀಪಾಲಂಕಾರ ಎರಡು ಯುದ್ಧಗಳಲ್ಲಿ ನಿಂತು, 1949ರಲ್ಲಿ ಮತ್ತೆ ಬೆಳಗಿತು. ಇಂದು ಅದರ ಉದ್ದ ಸುಮಾರು 10 ಕಿಲೋಮೀಟರ್. ಆದರೆ ಅಷ್ಟರಲ್ಲಿ ಕಾಲ ತಿರುಗುತ್ತಿತ್ತು. 1960ರ ದಶಕದಿಂದ ಜೆಟ್ ವಿಮಾನಗಳು ಅಗ್ಗದ ದರದಲ್ಲಿ ಸ್ಪೇನಿಗೆ ಕರೆದೊಯ್ಯತೊಡಗಿದವು. ಅಲ್ಲಿ ಬಿಸಿಲು ಖಾತರಿ, ಬ್ಲ್ಯಾಕ್‌ಪೂಲಿನಲ್ಲಿ ಆಗಸ್ಟಿನಲ್ಲೂ ಕೊಡೆ ಬೇಕು. ಇತ್ತ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯೇ ಇಲ್ಲದ ಮೇಲೆ ಗಿರಣಿಯ ರಜೆ ಎಲ್ಲಿಯದು? ಜನ ಈಗಲೂ ಲಕ್ಷಗಟ್ಟಲೆ ಬರುತ್ತಾರೆ, ಆದರೆ ವಾರವಿಡೀ ಉಳಿಯುವವರು ಕಡಿಮೆ. ಬೆಳಿಗ್ಗೆ ಬಂದು ಸಂಜೆ ಹೋಗುವವನಿಂದ ಮನೆಯಾಕೆಗೆ ಬಾಡಿಗೆ ಹುಟ್ಟುವುದಿಲ್ಲ.

ಖಾಲಿಬಿದ್ದ ಆ ವಸತಿಗೃಹಗಳನ್ನು ಒಂದೊಂದು ಕೋಣೆಯಾಗಿ ಒಡೆದು ತಿಂಗಳ ಬಾಡಿಗೆಗೆ ಬಿಟ್ಟರು. ದೇಶದ ಬೇರೆಡೆ ಕೆಲಸ ಕಳೆದುಕೊಂಡವರು, ಸಂಸಾರ ಮುರಿದವರು, ಕುಡಿತದಿಂದಲೋ ಕಾಯಿಲೆಯಿಂದಲೋ ಸೋತವರು ಅಗ್ಗದ ಕೋಣೆ ಹುಡುಕಿಕೊಂಡು ಬಂದರು. ಅವರಲ್ಲಿ ಎಷ್ಟೋ ಮಂದಿಗೆ ಬ್ಲ್ಯಾಕ್‌ಪೂಲ್ ಎಂದರೆ ಬಾಲ್ಯದ ಸುಖದ ನೆನಪು. 2019ರಲ್ಲಿ ಇಂಗ್ಲೆಂಡ್ ಸರ್ಕಾರ ನೆರೆಹೊರೆಗಳ ಬಡತನವನ್ನು ಅಳೆದು ಪಟ್ಟಿ ಮಾಡಿದಾಗ ಇಡೀ ದೇಶದ ಹತ್ತು ಅತಿ ಹಿಂದುಳಿದ ವಠಾರಗಳಲ್ಲಿ ಎಂಟು ಬ್ಲ್ಯಾಕ್‌ಪೂಲಿನಲ್ಲೇ ಇದ್ದವು. 2018ರಿಂದ 2020ರ ಲೆಕ್ಕದಲ್ಲಿ ಇಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯಸ್ಸು 74.1 ವರ್ಷ, ಇಂಗ್ಲೆಂಡಿನಲ್ಲೇ ಅತಿ ಕಡಿಮೆ. ದೇಶದ ಸರಾಸರಿ 79.4. ಆರೋಗ್ಯ ಅರಸಿ ಜನ ಬರುತ್ತಿದ್ದ ಊರಿನ ಅಂಕಿಗಳು ಇವು.

ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಕಡಲ ಗಾಳಿ ಹದಗೆಟ್ಟು ಆಯಸ್ಸು ಕುಗ್ಗಿತೆಂದು ಅರ್ಥವಲ್ಲ. ಓದಿ ಗಟ್ಟಿಮುಟ್ಟಾಗಿರುವ ಹುಡುಗ ಹುಡುಗಿಯರು ಕೆಲಸಕ್ಕಾಗಿ ಹೊರಗೆ ಹೋಗುತ್ತಾರೆ, ಕಾಯಿಲೆಯವರು ಒಳಗೆ ಬರುತ್ತಾರೆ. ಸರಾಸರಿ ತಾನಾಗಿ ಇಳಿಯುತ್ತದೆ. ಆದರೆ ಅದಷ್ಟೇ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಥಂಡಿ ಹಿಡಿದ ಕೋಣೆ, ಬೇಸಿಗೆಗಷ್ಟೇ ಇರುವ ಕೂಲಿ, ಹೊಗೆಸೊಪ್ಪು, ಮದ್ಯ ಇವು ಅಲ್ಲಿಯೇ ಹುಟ್ಟಿ ಬೆಳೆದವರನ್ನೂ ಬಿಡುವುದಿಲ್ಲ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2021ರ ತಮ್ಮ ವಾರ್ಷಿಕ ವರದಿಯನ್ನು ಕಡಲ ತೀರದ ಊರುಗಳ ಆರೋಗ್ಯಕ್ಕೇ ಮೀಸಲಿಟ್ಟರು. ರೋಗಿಗಳು ಹೆಚ್ಚಿರುವ ಈ ಊರುಗಳಿಗೆ ಬರಲು ವೈದ್ಯರೇ ಸಿಗುತ್ತಿಲ್ಲ ಎಂಬುದು ಅದರಲ್ಲಿನ ಒಂದು ಮಾತು.

ಕಡಲ ನೀರೂ ಚೊಕ್ಕಟವಾಗಿ ಉಳಿಯಲಿಲ್ಲ. ಸ್ನಾನದ ನೀರಿನ ಬಗ್ಗೆ ಯುರೋಪಿನ ನಿಯಮವನ್ನು ಬ್ಲ್ಯಾಕ್‌ಪೂಲಿನ ತೀರ ಮುಟ್ಟಿಲ್ಲವೆಂದು 1993ರಲ್ಲಿ ಯುರೋಪಿನ ನ್ಯಾಯಾಲಯ ಬ್ರಿಟನ್ನಿನ ವಿರುದ್ಧ ತೀರ್ಪಿತ್ತಿತು. ಆಮೇಲೆ ಚರಂಡಿ ನೀರಿನ ಶುದ್ಧೀಕರಣಕ್ಕೆ ದೊಡ್ಡ ಮೊತ್ತ ಸುರಿದರು, ನೀರು ಸುಧಾರಿಸಿತು. ಆದರೂ 2023ರ ಬೇಸಿಗೆಯಲ್ಲಿ ಶುದ್ಧೀಕರಣ ಘಟಕವೊಂದರ ಪೈಪು ಒಡೆದು, ನೀರಿಗಿಳಿಯಬೇಡಿ ಎಂದು ಬಂದವರನ್ನು ಎಚ್ಚರಿಸಬೇಕಾಯಿತು.

ಊರು ಸುಮ್ಮನೆ ಕೈಕಟ್ಟಿ ಕೂತಿಲ್ಲ. ದೇಶದ ಅತಿ ದೊಡ್ಡ ಜೂಜುಕಟ್ಟೆ ತನಗೆ ಸಿಗಲೆಂದು 2007ರಲ್ಲಿ ಹಂಬಲಿಸಿತ್ತು. ಅದು ಮ್ಯಾಂಚೆಸ್ಟರಿಗೆಂದು ಘೋಷಣೆಯಾಗಿ, ಕೊನೆಗೆ ಯಾರಿಗೂ ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದಾಯಿತೆಂದು ತೋರುತ್ತದೆ. ಬಡವರ ಊರಿಗೆ ಜೂಜಿನಿಂದ ಏಳಿಗೆ ಬಂದ ಉದಾಹರಣೆ ಕಡಿಮೆ. 2010ರಲ್ಲಿ ಪುರಸಭೆ ಗೋಪುರವನ್ನು ತಾನೇ ಕೊಂಡುಕೊಂಡಿತು. ಅಲೆ ತಡೆಯುವ ಹಳೆಯ ಗೋಡೆಯ ಜಾಗದಲ್ಲಿ ನೀರಿಗಿಳಿಯುವ ಅಗಲವಾದ ಮೆಟ್ಟಿಲುಗಳು ಬಂದವು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುತ್ತ ಅಲೆಯ ಶಕ್ತಿ ಕರಗುತ್ತದೆ, ಜನಕ್ಕೆ ಕೂರಲು ಜಾಗವೂ ಆಗುತ್ತದೆ. 2012ರಲ್ಲಿ ಹೊಸ ಟ್ರಾಮುಗಳು ಬಂದವು. 2024ರ ಮಾರ್ಚಿನಲ್ಲಿ ಊರಿನ ಮನರಂಜನೆಯ ಚರಿತ್ರೆಯನ್ನೇ ಹೇಳುವ 'ಶೋಟೌನ್' ವಸ್ತುಸಂಗ್ರಹಾಲಯ ತೆರೆಯಿತು.

ಅದೇ ವರ್ಷದ ಜೂನಿನಲ್ಲಿ ಇನ್ನೊಂದು ಸಣ್ಣ ಕೆಲಸವೂ ಮುಗಿಯಿತು. ರೈಲು ನಿಲ್ದಾಣದಿಂದ ಹೊರಡುತ್ತಿದ್ದ ಟ್ರಾಮನ್ನು 1963ರಲ್ಲಿ ನಿಲ್ಲಿಸಿದ್ದರು. ಅಂದಿನಿಂದ ರೈಲಿಳಿದವರು ಟ್ರಾಮ್ ಹಿಡಿಯಲು ಕಡಲ ದಂಡೆಯ ರಸ್ತೆಯವರೆಗೆ ನಡೆಯಬೇಕಿತ್ತು. ಹಳಿಯನ್ನು ಮತ್ತೆ ನಿಲ್ದಾಣದ ಬಳಿಗೆ ತಂದಿದ್ದಾರೆ. ಈಗ ರೈಲಿಳಿದು ಟ್ರಾಮ್ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಉತ್ತರ ಪಿಯರ್ ಕಾಣಿಸುತ್ತದೆ.